ಮೀಯುವ ಬಿಸಿನೀರಿನ ಖರ್ಚು ಇಳಿಸುವುದು ಹೇಗೆ: ಮಂಗಳೂರು, ಉಡುಪಿಯ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಚಳಿ ದೇಶದವರಿಗೆ ಮನೆ ಬೆಚ್ಚಗಿಡುವುದೇ ದೊಡ್ಡ ಖರ್ಚು. ನಮ್ಮ ಕರಾವಳಿಯಲ್ಲಿ ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಡಿಸೆಂಬರ್, ಜನವರಿಯ ನಸುಕಿನಲ್ಲೂ ಇಲ್ಲಿ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸು ಇರುತ್ತದೆ. ಒಂದು ಹೊದಿಕೆ ಸಾಕು. ಆದರೆ ಬಚ್ಚಲುಮನೆಯ ಮಾತು ಬೇರೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಫೆಬ್ರವರಿ ಮುಗಿಯುವವರೆಗೆ ಬಿಸಿನೀರು ಬೇಕೇ ಬೇಕು. ಮನೆಯಲ್ಲಿ ಅಜ್ಜ, ಅಜ್ಜಿ, ಸಣ್ಣ ಮಕ್ಕಳು ಇದ್ದರೆ ಎರಡು ಹೊತ್ತೂ ಬೇಕು. ನಮ್ಮ ಊರಿನಲ್ಲಿ ಚಳಿಗೆ ಆಗುವ ಖರ್ಚು ಎಂದರೆ ಹೆಚ್ಚುಕಡಿಮೆ ಇದೇ.

ನಮ್ಮದು ಉಡುಪಿ ಬದಿಯ ಮನೆ. ಹಂಡೆ, ಗೀಸರ್, ಸೋಲಾರ್ ಮೂರೂ ಇವೆ. ಮೂರನ್ನೂ ವರ್ಷಗಟ್ಟಲೆ ಬಳಸಿ, ಮೀಟರ್ ಮುಂದೆ ನಿಂತು ಲೆಕ್ಕ ಹಾಕಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಯಾವ ಯಂತ್ರ ಒಳ್ಳೆಯದು ಎಂದು ಎಲ್ಲರೂ ಮೊದಲು ಕೇಳುತ್ತಾರೆ. ನಾನು ಮೊದಲು ಕೇಳುವುದು ಬೇರೆ: ನಿಮ್ಮ ಮೈಮೇಲೆ ಬೀಳುವ ನೀರು ಎಷ್ಟು, ನೀವು ಕಾಯಿಸುವ ನೀರು ಎಷ್ಟು? ಇವೆರಡರ ನಡುವಿನ ಅಂತರದಲ್ಲೇ ದುಡ್ಡು ಸೋರುತ್ತದೆ.

ಮೊದಲ ಹೆಜ್ಜೆ: ಮೀಟರ್ ಓದಿ

ಒಂದು ವಾರ ಬೇಡ, ಎರಡು ದಿನ ಸಾಕು. ಬೆಳಿಗ್ಗೆ ಗೀಸರ್ ಹಾಕುವ ಮೊದಲು ಮೆಸ್ಕಾಂ ಮೀಟರ್‌ನ ಅಂಕಿ ಬರೆದುಕೊಳ್ಳಿ. ಎಲ್ಲರ ಸ್ನಾನ ಮುಗಿದ ಮೇಲೆ ಮತ್ತೆ ಬರೆಯಿರಿ. ಆ ಹೊತ್ತಿನಲ್ಲಿ ಮಿಕ್ಸಿ, ಪಂಪ್, ಇಸ್ತ್ರಿ ಪೆಟ್ಟಿಗೆ ಹಾಕಬೇಡಿ. ಫ್ರಿಜ್ ಮತ್ತು ಲೈಟಿನದ್ದು ಸ್ವಲ್ಪವೇ, ಬಿಟ್ಟುಬಿಡಿ. ಎರಡು ಅಂಕಿಗಳ ವ್ಯತ್ಯಾಸವೇ ನಿಮ್ಮ ಮನೆಯ ಸ್ನಾನದ ಯೂನಿಟ್. ಅದನ್ನು 30ರಿಂದ ಗುಣಿಸಿ.

ಗೃಹಜ್ಯೋತಿ ಇರುವ ಮನೆಯವರು ಈ ಲೆಕ್ಕವನ್ನು ಖಂಡಿತ ಮಾಡಬೇಕು. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ಪ್ರತಿ ಮನೆಗೂ ಅದರದ್ದೇ ಒಂದು ಮಿತಿ ಇದೆ. 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಅದನ್ನು ನಿಗದಿ ಮಾಡಿದ್ದಾರೆ. ಆ ಮಿತಿ ದಾಟಿದರೆ ದಾಟಿದಷ್ಟಕ್ಕೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಜುಲೈ ತಿಂಗಳಲ್ಲಿ "ಇದೇನು, ಇಷ್ಟು ದಿನ ಸೊನ್ನೆ ಬಿಲ್ ಬರ್ತಿತ್ತಲ್ವಾ" ಎನ್ನುವವರ ಮನೆಯಲ್ಲಿ ಹೆಚ್ಚಿನ ಸಲ ಕಾರಣ ಗೀಸರೇ ಆಗಿರುತ್ತದೆ.

ಎರಡನೇ ಹೆಜ್ಜೆ: ಒಂದು ಬಕೆಟಿನ ಲೆಕ್ಕ ಕಲಿಯಿರಿ

ಇದೊಂದು ಲೆಕ್ಕ ಗೊತ್ತಿದ್ದರೆ ಅಂಗಡಿಯವರು ಏನು ಹೇಳಿದರೂ ನೀವೇ ತೂಗಿ ನೋಡಬಹುದು. ಎಷ್ಟು ಲೀಟರ್ ನೀರು, ಎಷ್ಟು ಡಿಗ್ರಿ ಬಿಸಿ ಮಾಡಬೇಕು, ಇವೆರಡನ್ನೂ ಗುಣಿಸಿ. ಬಂದದ್ದನ್ನು 860ರಿಂದ ಭಾಗಿಸಿ. ಅಷ್ಟು ಯೂನಿಟ್ ಬೇಕು. ಕರೆಂಟ್ ಆಗಲಿ, ಗ್ಯಾಸ್ ಆಗಲಿ, ತೆಂಗಿನ ಗೆರಟೆ (ಚಿಪ್ಪು) ಆಗಲಿ, ನೀರು ಕೇಳುವ ಶಾಖ ಒಂದೇ.

ಸಾಮಾನ್ಯ ಬಕೆಟಿಗೆ 20 ಲೀಟರ್ ಹಿಡಿಯುತ್ತದೆ. ನಮ್ಮ ಬಾವಿಯ ನೀರು 27 ಡಿಗ್ರಿ ಇರುತ್ತದೆ. ಮೈಗೆ ಹಿತವಾದ ಬಿಸಿ ಎಂದರೆ 40 ಡಿಗ್ರಿ. ಏರಿಸಬೇಕಾದದ್ದು 13 ಡಿಗ್ರಿ. 20 ಗುಣಿಸು 13, ಭಾಗಿಸು 860. ಒಂದು ಬಕೆಟಿಗೆ 0.3 ಯೂನಿಟ್ ಆಯಿತು. ತೆರಿಗೆ ಎಲ್ಲ ಸೇರಿಸಿ ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ ಸುಮಾರು ಎರಡು ರೂಪಾಯಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 36 ಯೂನಿಟ್.

ಈಗ ಅದೇ ನಾಲ್ಕು ಜನ ಶವರ್ ಕೆಳಗೆ ಎಂಟು ನಿಮಿಷ ನಿಂತರೆ? ಮಾಮೂಲಿ ಶವರಿನಿಂದ ನಿಮಿಷಕ್ಕೆ ಎಂಟೊಂಬತ್ತು ಲೀಟರ್ ಬೀಳುತ್ತದೆ. ಒಬ್ಬರಿಗೆ 70 ಲೀಟರ್ ಆಯಿತು. ಒಬ್ಬರ ಸ್ನಾನಕ್ಕೇ ಒಂದು ಯೂನಿಟ್ ಮೀರುತ್ತದೆ. ತಿಂಗಳಿಗೆ 127 ಯೂನಿಟ್. 36 ಎಲ್ಲಿ, 127 ಎಲ್ಲಿ! ಯಾವ ಫೈವ್ ಸ್ಟಾರ್ ಗೀಸರ್ ತಂದರೂ ಈ ವ್ಯತ್ಯಾಸವನ್ನು ತುಂಬಿಸಿಕೊಡಲಾರದು. ಮಳೆಗಾಲಕ್ಕಾದರೂ ಬಕೆಟ್, ಚೊಂಬಿಗೆ ಮರಳಿ. ಖರ್ಚು ಇಳಿಸಲು ಇದಕ್ಕಿಂತ ದೊಡ್ಡ ದಾರಿ ನನಗೆ ಕಂಡಿಲ್ಲ. ಶವರ್ ಬಿಡಲು ಮನಸ್ಸಿಲ್ಲದವರು ಕಡಿಮೆ ನೀರು ಬಿಡುವ ಶವರ್ ತಲೆ ಹಾಕಿಸಿ, ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಿ.

ಮೂರನೇ ಹೆಜ್ಜೆ: ತಣ್ಣೀರನ್ನು ಆರಿಸಿಕೊಳ್ಳಿ

ಇದು ಹಳಬರಿಗೆ ಗೊತ್ತಿದ್ದ ವಿಷಯ. ಚಳಿಗಾಲದ ನಸುಕಿನಲ್ಲಿ ಬಾವಿಯಿಂದ ಸೇದಿದ ನೀರು ಕೈಗೆ ಬೆಚ್ಚಗೆ ಹತ್ತುತ್ತದೆ. ನೆಲದೊಳಗಿನ ನೀರಿನ ಬಿಸಿ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಆ ಊರಿನ ವರ್ಷದ ಸರಾಸರಿ ಹವೆ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹೊರಗೆ ಗಾಳಿ 21 ಡಿಗ್ರಿಗೆ ಇಳಿದಾಗಲೂ ಬಾವಿಯಲ್ಲಿ 27ರ ಆಸುಪಾಸು ಉಳಿಯುವುದು ಅದಕ್ಕೇ.

ಆದರೆ ನಾವು ಮಾಡುವುದೇನು? ಸಂಜೆ ಪಂಪ್ ಹಾಕಿ ತಾರಸಿಯ ಟ್ಯಾಂಕ್ ತುಂಬುತ್ತೇವೆ. ರಾತ್ರಿಯಿಡೀ ಅದು ಚಳಿಗೆ ತಣಿಯುತ್ತದೆ. ಬೆಳಿಗ್ಗೆ 22 ಡಿಗ್ರಿಯ ನೀರನ್ನು ಗೀಸರಿಗೆ ಬಿಟ್ಟು ಕಾಯಿಸುತ್ತೇವೆ. ಆಗ ಏರಿಸಬೇಕಾದದ್ದು 13 ಅಲ್ಲ, 18 ಡಿಗ್ರಿ. ಒಂದು ಬಕೆಟಿಗೆ 0.3ರ ಬದಲು 0.42 ಯೂನಿಟ್ ಬೀಳುತ್ತದೆ. ಚಳಿಗಾಲದಲ್ಲಿ ಸ್ನಾನಕ್ಕೆ ಸ್ವಲ್ಪ ಮೊದಲು ಪಂಪ್ ಹಾಕಿ ಹೊಸ ನೀರು ಏರಿಸಿ. ಬಾವಿ ಹತ್ತಿರವೇ ಇದ್ದರೆ ಹಂಡೆಗೆ ನೇರ ಬಾವಿಯ ನೀರೇ ತುಂಬಿ.

ಪೇಟೆಯ ಮನೆಗಳಿಗೆ ಬರುವುದು ನದಿಯ ನೀರು. ಮಂಗಳೂರಿಗೆ ತುಂಬೆ ಅಣೆಕಟ್ಟಿನಿಂದ ನೇತ್ರಾವತಿಯ ನೀರು, ಉಡುಪಿಗೆ ಬಜೆಯಿಂದ ಸ್ವರ್ಣಾ ನದಿಯ ನೀರು. ಅಲ್ಲಿ ಬಾವಿಯ ಉಪಾಯ ನಡೆಯುವುದಿಲ್ಲ. ಬದಲಿಗೆ ಹೊತ್ತನ್ನು ಬದಲಿಸಬಹುದು. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಹಗಲು ಒಳ್ಳೆ ಬಿಸಿಲಿರುತ್ತದೆ. ತಾರಸಿಯ ಕಪ್ಪು ಟ್ಯಾಂಕ್ ಸಂಜೆ ನಾಲ್ಕು, ಐದು ಗಂಟೆಗೆ ಬೆಚ್ಚಗಾಗಿರುತ್ತದೆ. ಶಾಲೆ, ಕೆಲಸದಿಂದ ಬಂದವರು ಆಗಲೇ ಮಿಂದರೆ ಗೀಸರ್ ಬೇಕೇ ಆಗುವುದಿಲ್ಲ.

ನಾಲ್ಕನೇ ಹೆಜ್ಜೆ: ಗೀಸರನ್ನು ಸರಿಯಾಗಿ ಬಳಸಿ

ಗೀಸರಿನ ಒಳಗೆ ಥರ್ಮೋಸ್ಟಾಟ್ ಇರುತ್ತದೆ. ನೀರು ಕಾದಾಗ ತಾನೇ ನಿಲ್ಲುತ್ತದೆ, ತಣಿದಾಗ ತಾನೇ ಶುರುವಾಗುತ್ತದೆ. "ತಾನೇ ಆಫ್ ಆಗುತ್ತದಲ್ಲ" ಎಂದು ಸ್ವಿಚ್ ಹಾಕಿಯೇ ಬಿಟ್ಟರೆ ಯಾರೂ ಮೀಯದಿದ್ದರೂ ಅದು ದಿನವಿಡೀ ತಣಿದು ಕಾಯುತ್ತಲೇ ಇರುತ್ತದೆ. ನಮ್ಮ ಹಳೆಯ 25 ಲೀಟರ್ ಗೀಸರನ್ನು ಒಂದು ರಾತ್ರಿ ಹಾಗೆ ಬಿಟ್ಟು ನೋಡಿದೆ. ಒಂದು ಚೊಂಬು ನೀರೂ ಬಳಸದೆ ಬೆಳಗಾಗುವಾಗ ಸುಮಾರು ಅರ್ಧ ಯೂನಿಟ್ ಹೋಗಿತ್ತು. ಹೊಸತು ಕೊಳ್ಳುವಾಗ ಸ್ಟಾರ್ ಲೇಬಲ್ ಓದಿ. 24 ಗಂಟೆಯಲ್ಲಿ ಹೀಗೆ ಸುಮ್ನೆ ಸೋರುವ ಯೂನಿಟ್ ಎಷ್ಟು ಎಂದು ಅದರಲ್ಲೇ ಬರೆದಿರುತ್ತದೆ. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು.

ಎಷ್ಟು ಹೊತ್ತು ಹಾಕಬೇಕು ಎಂಬುದಕ್ಕೂ ಅದೇ 860ರ ಲೆಕ್ಕ. 2 ಕಿಲೋವಾಟ್‌ನ 15 ಲೀಟರ್ ಗೀಸರ್ 27ರಿಂದ 60 ಡಿಗ್ರಿಗೆ ಏರಲು ಸುಮಾರು 17 ನಿಮಿಷ ಸಾಕು. 25 ಲೀಟರಿನದ್ದಕ್ಕೆ ಅರ್ಧ ಗಂಟೆ. ಎದ್ದ ಕೂಡಲೇ ಸ್ವಿಚ್ ಹಾಕಿ, ಕಾಫಿ ಕುಡಿದು, ಪೇಪರ್ ಓದಿ ಬಚ್ಚಲಿಗೆ ಹೋಗುವ ಅಭ್ಯಾಸ ಇದ್ದರೆ ಬದಲಿಸಿ. ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ. ಒಳಗೆ ಹೋಗುವ ಮೊದಲು ಸ್ವಿಚ್ ಆಫ್ ಮಾಡಿ. ಇದರಿಂದ ಕರೆಂಟೂ ಉಳಿಯುತ್ತದೆ, ಶಾಕ್ ಹೊಡೆಯುವ ಭಯವೂ ಇರುವುದಿಲ್ಲ.

60 ಡಿಗ್ರಿಯ 8 ಲೀಟರ್ ನೀರಿಗೆ 12 ಲೀಟರ್ ತಣ್ಣೀರು ಬೆರೆಸಿದರೆ ಒಂದು ಬಕೆಟ್ ಹಿತವಾದ ನೀರು ಆಗುತ್ತದೆ. ಅಂದರೆ 25 ಲೀಟರ್ ಗೀಸರ್ ಒಮ್ಮೆ ಕಾದರೆ ಮೂರು ಜನರ ಸ್ನಾನ ಮುಗಿಯಬೇಕು. ಹಾಗಾಗಿ ಒಬ್ಬರ ಹಿಂದೆ ಒಬ್ಬರು ಮೀಯಿರಿ. ಆರು ಗಂಟೆಗೆ ಒಬ್ಬರು, ಎಂಟಕ್ಕೆ ಇನ್ನೊಬ್ಬರು, ಹತ್ತಕ್ಕೆ ಮತ್ತೊಬ್ಬರು ಎಂದಾದರೆ ಅರೆಬರೆ ಉಳಿದ ಬಿಸಿನೀರು ಪ್ರತಿ ಸಲ ತಣಿದು ಹಾಳಾಗುತ್ತದೆ. ಇಬ್ಬರೇ ಇರುವ ಮನೆಗೆ 25 ಲೀಟರಿನದ್ದು ಬೇಡವೇ ಬೇಡ.

ಪೈಪಿನೊಳಗೆ ನಿಂತ ನೀರೂ ಲೆಕ್ಕಕ್ಕೆ ಬರುತ್ತದೆ. ಬಿಸಿ ಬರುವವರೆಗೆ ನಲ್ಲಿ ಬಿಟ್ಟು ತಣ್ಣೀರನ್ನು ಹರಿಸಿಬಿಡುತ್ತೇವೆ, ಅಲ್ವಾ? ಬಕೆಟಿಗೆ ಹೇಗೂ ತಣ್ಣೀರು ಬೇಕು. ಮೊದಲು ಬಿಸಿ ನಲ್ಲಿಯನ್ನೇ ತಿರುಗಿಸಿ ಆ ತಣ್ಣೀರನ್ನು ಬಕೆಟಿಗೆ ಹಿಡಿಯಿರಿ. ಬೇಕಾದಷ್ಟು ಬಿಸಿ ಬಂದ ಮೇಲೆ ಉಳಿದ ತಣ್ಣೀರು ಸೇರಿಸಿ.

ನಮ್ಮ ಕರಾವಳಿಗೇ ಸೇರಿದ ಇನ್ನೊಂದು ವಿಷಯ ಇದೆ. ಮುರಕಲ್ಲಿನ ನೆಲದ ಬಾವಿಗಳ ನೀರು ಹೆಚ್ಚಾಗಿ ಮೆದು. ಸ್ವಲ್ಪ ಆಮ್ಲದ ಗುಣವೂ ಇರುತ್ತದೆ. ಮೆದು ನೀರಿನಿಂದ ಕಾಯಿಲಿಗೆ ಸುಣ್ಣದ ಪದರ ಕಟ್ಟುವುದು ಕಡಿಮೆ, ಅದು ಒಳ್ಳೆಯದೇ. ಆದರೆ ಆಮ್ಲದ ನೀರು ಲೋಹವನ್ನು ತಿನ್ನುತ್ತದೆ. ಟ್ಯಾಂಕ್ ತುಕ್ಕು ಹಿಡಿಯದಂತೆ ಕಾಪಾಡಲು ಗೀಸರಿನೊಳಗೆ ಮೆಗ್ನೀಷಿಯಂ ಸರಳು ಇರುತ್ತದೆ. ಆನೋಡ್ ರಾಡ್ ಎನ್ನುತ್ತಾರೆ. ಅದು ತಾನು ಸವೆದು ಟ್ಯಾಂಕನ್ನು ಉಳಿಸುತ್ತದೆ. ಪೂರ್ತಿ ಸವೆದ ಮೇಲೆ ಟ್ಯಾಂಕ್ ತೂತಾಗಲು ಶುರು. ಮಳೆಗಾಲದ ಮೊದಲು ಸರ್ವೀಸ್ ಮಾಡಿಸುವಾಗ "ರಾಡ್ ಬಿಚ್ಚಿ ತೋರಿಸಿ" ಎಂದು ಕೇಳಿ. ಕಡಲ ಬದಿಯಲ್ಲಿ ಬೇಸಿಗೆಯ ಕೊನೆಗೆ ಬಾವಿಗೆ ಉಪ್ಪುನೀರು ನುಗ್ಗುವ ಕಡೆ ಇದು ಇನ್ನೂ ಮುಖ್ಯ. ಒಂದು ಸರಳಿನ ಖರ್ಚಿಗೆ ಹೊಸ ಗೀಸರಿನ ಖರ್ಚು ತಪ್ಪುತ್ತದೆ.

ಥರ್ಮೋಸ್ಟಾಟನ್ನು 75ರಲ್ಲಿ ಇಟ್ಟುಕೊಂಡು ಆಮೇಲೆ ತಣ್ಣೀರು ಬೆರೆಸುವುದರಲ್ಲಿ ಅರ್ಥವಿಲ್ಲ. 55 ಸಾಕು. ನೀರು ಹೆಚ್ಚು ದಿನ ಒಳಗೇ ನಿಂತಿದ್ದರೆ ಮಾತ್ರ ಒಮ್ಮೆ 60 ದಾಟಿಸಿ ಕಾಯಿಸಿ, ರೋಗಾಣು ಬೆಳೆಯಬಾರದು. ಮೇ ಮತ್ತು ಅಕ್ಟೋಬರ್‌ನಲ್ಲಿ ಗುಡುಗು, ಸಿಡಿಲು ಬರುವಾಗ ಗೀಸರಿನ ಪ್ಲಗ್ ತೆಗೆದಿಡಿ. ಸಿಡಿಲು ನಿಲ್ಲುವವರೆಗೆ ಸ್ನಾನವೂ ಬೇಡ.

ಗ್ಯಾಸ್ ಅಗ್ಗವೇ?

ಅಡುಗೆ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿದರೆ ಕರೆಂಟ್ ಉಳಿಯುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. 14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್‌ನಷ್ಟು ಶಾಖ ಇದೆ. ಅಡುಗೆ ಒಲೆಯಲ್ಲಿ ಅದರ ಶೇ. 60ರಷ್ಟು ನೀರಿಗೆ ಸೇರುತ್ತದೆ ಎಂದು ಹಿಡಿಯೋಣ. ಉಳಿದದ್ದು ಅಡುಗೆಮನೆಯ ಗಾಳಿಗೆ ಹೋಗುತ್ತದೆ. ಸಿಲಿಂಡರ್ ಬೆಲೆ 900 ರೂಪಾಯಿ ಎಂದಿಟ್ಟುಕೊಂಡರೆ ಒಂದು ಯೂನಿಟ್ ಶಾಖಕ್ಕೆ 8 ರೂಪಾಯಿ ದಾಟುತ್ತದೆ. ಗೀಸರಿಗಿಂತ ದುಬಾರಿ. ಗೃಹಜ್ಯೋತಿಯ ಮಿತಿಯೊಳಗೇ ಇರುವ ಮನೆಯಲ್ಲಂತೂ ಇದು ಶುದ್ಧ ನಷ್ಟ.

ಗ್ಯಾಸ್ ಗೀಸರಿನ ಖರ್ಚು ಯೂನಿಟ್‌ಗೆ 6 ರೂಪಾಯಿಯ ಹತ್ತಿರ ಬರುತ್ತದೆ, ಅಂದರೆ ಸ್ವಲ್ಪ ಅಗ್ಗ. ಆದರೆ ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಗ್ಯಾಸ್ ಗೀಸರನ್ನು ಬಚ್ಚಲುಮನೆಯ ಒಳಗೆ ಹಾಕಿಸಬೇಡಿ. ಚಳಿ ಎಂದು ಕಿಟಕಿ, ಬಾಗಿಲು ಮುಚ್ಚಿ ಮೀಯುವಾಗ ಒಳಗಿನ ಆಮ್ಲಜನಕ ಕಡಿಮೆಯಾಗುತ್ತದೆ. ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ತಿರುಗಿ ಬಿದ್ದವರಿಗೆ ಬಾಗಿಲು ತೆಗೆಯುವಷ್ಟು ಶಕ್ತಿಯೂ ಉಳಿಯುವುದಿಲ್ಲ. ಹೀಗೆ ಜೀವ ಹೋದ ಸುದ್ದಿ ಪ್ರತಿ ಚಳಿಗಾಲದಲ್ಲೂ ಓದುತ್ತೇವೆ. ಗೀಸರ್ ಹೊರಗೋಡೆಯಲ್ಲಿ, ಗಾಳಿ ಆಡುವ ಕಡೆ ಇರಲಿ. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ.

ಸೋಲಾರ್: ಮಳೆಗಾಲದ ನಾಲ್ಕು ತಿಂಗಳು ಏನು ಮಾಡುವುದು?

ಅಕ್ಟೋಬರ್‌ನಿಂದ ಮೇವರೆಗೆ ಸೋಲಾರಿಗೆ ಸಾಟಿ ಇಲ್ಲ. ನಾಲ್ಕು ಜನರ ಮನೆಗೆ 100 ಲೀಟರಿನದ್ದು ಸಾಕಾಗುತ್ತದೆ. ತೊಂದರೆ ಇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ ಬೀಳುವ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆಯಲ್ಲಿ ಬಹುಪಾಲು ಆಗಲೇ ಸುರಿಯುತ್ತದೆ. ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ.

ಅದಕ್ಕಾಗಿ ಸೋಲಾರ್ ಟ್ಯಾಂಕಿನೊಳಗೇ ಒಂದು ವಿದ್ಯುತ್ ಕಾಯಿಲ್ ಹಾಕಿಸಿಕೊಡುತ್ತಾರೆ. ನಮಗೂ ಹಾಗೇ ಹಾಕಿಕೊಟ್ಟರು. ಅದನ್ನು ಒತ್ತಿದರೆ 100 ಲೀಟರೂ ಕಾಯುತ್ತದೆ. 27ರಿಂದ 55 ಡಿಗ್ರಿಗೆ ಏರಲು ಮೂರು ಯೂನಿಟ್ ಮೀರಿ ಬೇಕು. ನಿಮಗೆ ಬೇಕಾದದ್ದು ನಾಲ್ಕು ಬಕೆಟ್, ಅಂದರೆ 1.2 ಯೂನಿಟ್‌ನ ಶಾಖ ಮಾತ್ರ. ಉಳಿದದ್ದು ತಾರಸಿಯ ಮೇಲೆ ಮಳೆಗಾಳಿಗೆ ತಣಿಯುತ್ತದೆ. ಒಂದು ಇಡೀ ಮಳೆಗಾಲ ಹೀಗೆ ಹೋದ ಮೇಲೆ ನಾವು ಆ ಕಾಯಿಲಿನ ವೈರ್ ತೆಗೆಸಿದೆವು. ಬಚ್ಚಲಿನಲ್ಲೇ ಒಂದು 10 ಲೀಟರಿನ ಸಣ್ಣ ಗೀಸರ್ ಹಾಕಿಸಿದೆವು. ಸೋಲಾರ್ ಇರುವವರಿಗೆಲ್ಲ ನಾನು ಇದನ್ನೇ ಹೇಳುವುದು. ಸೋಲಾರಿನ ನೀರು ಆ ಗೀಸರಿನ ಮೂಲಕವೇ ಬರುವಂತೆ ಪೈಪ್ ಜೋಡಿಸಿದರೆ ಇನ್ನೂ ಲಾಭ. ಮೋಡದ ದಿನವೂ ಸೋಲಾರ್ ನಾಲ್ಕೈದು ಡಿಗ್ರಿ ಏರಿಸಿಕೊಡುವುದುಂಟು. ಆದರೆ ಬೇಸಿಗೆಯ ಸೋಲಾರ್ ನೀರು ತುಂಬ ಬಿಸಿ. ಒಳಗೆ ಬರುವ ಅಷ್ಟು ಬಿಸಿನೀರನ್ನು ಆ ಗೀಸರ್ ತಾಳುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಬೇಸಿಗೆಯಲ್ಲಿ ಗೀಸರ್ ಬಿಟ್ಟು ನೇರ ಹರಿಸಲು ಒಂದು ವಾಲ್ವ್ ಇಡಿಸಿ.

ಹೊಸದಾಗಿ ಹಾಕಿಸುವವರು ಡಿಸೆಂಬರ್‌ನ ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ, ಸಂಜೆ ಮೂರಕ್ಕೆ ತಾರಸಿಗೆ ಹೋಗಿ ತೆಂಗಿನ ಮರಗಳ ನೆರಳು ಎಲ್ಲಿ ಬೀಳುತ್ತದೆ ನೋಡಿ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉದ್ದ. ನಮ್ಮ ಪರಿಚಯದ ಒಂದು ಮನೆಯಲ್ಲಿ ಏಪ್ರಿಲ್‌ನಲ್ಲಿ ಜಾಗ ನೋಡಿ ಹಾಕಿಸಿದರು. ಚಳಿಗಾಲ ಬಂದಾಗ ಅರ್ಧ ದಿನ ಕೊಳವೆಗಳ ಮೇಲೆ ಮಡಲಿನ ನೆರಳು. ಮಾರಿದವರು ಬಂದು ನೋಡಲೂ ಇಲ್ಲ. ಫಲಕ ದಕ್ಷಿಣಕ್ಕೆ ಮುಖ ಮಾಡಿ 20ರಿಂದ 25 ಡಿಗ್ರಿ ವಾಲಿರಲಿ. ತಾರಸಿಯಿಂದ ಬರುವ ಪೈಪಿಗೆ ಫೋಮ್ ಹೊದಿಸಲು ಮರೆಯಬೇಡಿ. ಕಾಗೆ, ಇಲಿ ಕಿತ್ತ ಫೋಮನ್ನು ಪ್ರತಿ ವರ್ಷ ಬದಲಿಸಿ.

ಜನ ಜಾಸ್ತಿ ಇರುವ ಮನೆಯವರು, ಹೋಮ್‌ಸ್ಟೇ ನಡೆಸುವವರು ಹೀಟ್ ಪಂಪ್ ಬಗ್ಗೆಯೂ ವಿಚಾರಿಸಬಹುದು. ಅದು ಫ್ರಿಜ್‌ನ ಕೆಲಸವನ್ನೇ ತಿರುಗಿಸಿ ಮಾಡುತ್ತದೆ. ಗಾಳಿಯ ಶಾಖವನ್ನು ಹೀರಿ ನೀರಿಗೆ ಕೊಡುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನ ಶಾಖ ಸಿಗುತ್ತದೆ. ನಮ್ಮ ಮಳೆಗಾಲದ ಗಾಳಿಯೂ ಬೆಚ್ಚಗೇ ಇರುವುದರಿಂದ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಬೆಲೆ ಮಾತ್ರ ಗೀಸರಿನ ಹಲವು ಪಟ್ಟು. ಸಣ್ಣ ಮನೆಗೆ ಬೇಡ.

ಹಂಡೆ: ತೋಟ ಇರುವವರು ಇದನ್ನು ಬಿಡಬೇಡಿ

ನಾಲ್ಕು ತೆಂಗಿನ ಮರ ಇರುವ ಮನೆಯವರೂ ಹಂಡೆ ತೆಗೆದು ಗೀಸರ್ ಹಾಕಿದ್ದಾರೆ. ಹೊಗೆ, ಮಸಿ, ಕಣ್ಣುರಿ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಅದು ಹಂಡೆಯ ತಪ್ಪಲ್ಲ, ಒಲೆಯ ಮತ್ತು ಹಸಿ ಕಟ್ಟಿಗೆಯ ತಪ್ಪು. ಅವೆರಡನ್ನೂ ಸರಿ ಮಾಡಿದರೆ ಬಿಸಿನೀರು ಬಿಟ್ಟಿ.

80 ಲೀಟರಿನ ಹಂಡೆ 45 ಡಿಗ್ರಿಗೆ ಕಾದರೆ ಐದು ಬಕೆಟ್ ಸ್ನಾನದ ನೀರಾಗುತ್ತದೆ. ಒಣ ಕಟ್ಟಿಗೆಯ ಒಂದು ಕಿಲೋದಲ್ಲಿ ಸುಮಾರು 4 ಯೂನಿಟ್ ಶಾಖ ಇದೆ. ಮೂರು ಕಲ್ಲಿನ ತೆರೆದ ಒಲೆಯಲ್ಲಿ ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ ಅದಕ್ಕಿಂತ ತುಸು ಜಾಸ್ತಿ ನೀರಿಗೆ ಹೋಗುತ್ತದೆ. ಆಗ ಮೂರೂವರೆ ಕಿಲೋ ಕಟ್ಟಿಗೆ ಬೇಕು. ಸರಿಯಾಗಿ ಕಟ್ಟಿದ ಒಲೆಯಲ್ಲಿ ನಾಲ್ಕರಲ್ಲಿ ಒಂದು ಪಾಲು ಸಿಗಬಹುದು. ಆಗ ಎರಡು ಕಿಲೋದೊಳಗೆ ಮುಗಿಯುತ್ತದೆ. ಹೊಗೆಯೂ ಅರ್ಧಕ್ಕರ್ಧ ಇಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಸ್ತ್ರ ಒಲೆ ಮಾಡಿದ್ದೂ ಇದೇ ಕಾರಣಕ್ಕೆ, ಕಟ್ಟಿಗೆ ಉಳಿಸಲು ಮತ್ತು ಹೊಗೆ ತಪ್ಪಿಸಲು.

ಒಲೆ ಸರಿ ಮಾಡಿಸುವಾಗ ಮೇಸ್ತ್ರಿಗೆ ಇಷ್ಟು ಹೇಳಿ. ಹಂಡೆಯ ಸುತ್ತ ಮತ್ತು ಗೋಡೆಯ ನಡುವೆ ಎರಡು ಬೆರಳಿನಷ್ಟೇ ಸಂದು ಇರಲಿ. ಜಾಸ್ತಿ ಇದ್ದರೆ ಬೆಂಕಿಯ ಬಿಸಿ ಹಂಡೆಯನ್ನು ಮುಟ್ಟದೆ ಹಾರಿಹೋಗುತ್ತದೆ. ಒಲೆಯ ಬಾಯಿ ಚಿಕ್ಕದಿರಲಿ. ಕೆಳಗೆ ಕಬ್ಬಿಣದ ಸರಳುಗಳ ಜಾಲರಿ ಇಡಿಸಿ, ಅದರಡಿಯಿಂದ ಗಾಳಿ ಬರಬೇಕು. ನೆಲದ ಮೇಲೆಯೇ ಉರಿಸಿದರೆ ಬೂದಿಯೊಳಗೆ ಬೆಂಕಿ ಉಸಿರುಗಟ್ಟಿ ಹೊಗೆಯಾಡುತ್ತದೆ. ಹೊಗೆಕೊಳವೆ ಒಲೆಯ ಬಾಯಿಯ ಎದುರು ಬದಿಯಲ್ಲಿ, ಮೇಲುಗಡೆ ಇರಲಿ. ಬೆಂಕಿ ಹಂಡೆಯನ್ನು ಸುತ್ತಿ ಬಳಸಿಯೇ ಹೊರಗೆ ಹೋಗಬೇಕು.

ಮುಚ್ಚಳ! ಎಷ್ಟು ಮನೆಗಳಲ್ಲಿ ಹಂಡೆ ಬಾಯಿ ತೆರೆದು ಕಾಯುತ್ತಿರುತ್ತದೆ. ಆವಿಯಾಗಿ ಹೋಗುವ ನೀರಿನ ಜೊತೆ ಶಾಖವೂ ಹೋಗುತ್ತದೆ. ಬಾಯಿಗೆ ಹೊಂದುವ ಹಲಗೆಯೋ ತಟ್ಟೆಯೋ ಸಾಕು. ಹಂಡೆಯ ಹೊರಗೆ ಬೂದಿ ಕಲಸಿ ತೆಳ್ಳಗೆ ಹಚ್ಚಿದರೆ ಮಸಿ ಅಂಟುವುದಿಲ್ಲ, ವಾರಕ್ಕೊಮ್ಮೆ ಉಜ್ಜುವುದು ಸುಲಭ. ದಪ್ಪ ಮಸಿ ಬೆಂಕಿಗೂ ನೀರಿಗೂ ನಡುವೆ ಹೊದಿಕೆಯ ಹಾಗೆ ನಿಲ್ಲುತ್ತದೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬಕ್ಕೆ ಹಂಡೆ ಬೆಳಗಿ, ಹೂ ಕಟ್ಟಿ, ಮರುದಿನ ನಸುಕಿಗೆ ಎಣ್ಣೆ ಸ್ನಾನ ಮಾಡುತ್ತೇವಲ್ಲ, ಆ ದಿನ ನೀರು ಬೇಗ ಕಾಯುವುದನ್ನು ಅಮ್ಮ ಪ್ರತಿ ವರ್ಷ ತೋರಿಸುತ್ತಾರೆ.

ಉರಿಸುವುದಕ್ಕೂ ಕ್ರಮ ಇದೆ. ಒಣ ಸೋಗೆ, ಅಡಿಕೆ ಹಾಳೆಯ ಚೂರು ಬೇಗ ಹತ್ತುತ್ತವೆ, ಬೇಗ ಆರುತ್ತವೆ. ಅದರಿಂದ ಶುರು ಮಾಡಿ. ಮೇಲೆ ಮಡಲು, ಮಡಲಿನ ಬುಡದ ಕೊತ್ತಳಿಗೆ. ಬೆಂಕಿ ಹಿಡಿದ ಮೇಲೆ ನಾಲ್ಕೈದು ಗೆರಟೆ ಹಾಕಿ. ಗೆರಟೆಯ ಉರಿ ಬಲವಾದದ್ದು, ತೂಕಕ್ಕೆ ಹೋಲಿಸಿದರೆ ಕಟ್ಟಿಗೆಗಿಂತ ಹೆಚ್ಚು ಶಾಖ ಕೊಡುತ್ತದೆ. ಕೊನೆಗೆ ಎರಡು ತೆಂಗಿನ ಸಿಪ್ಪೆ ಒತ್ತಿ ಒಲೆಯ ಬಾಯಿಗೆ ತಗಡು ಮುಚ್ಚಿ. ಸಿಪ್ಪೆ ನಿಧಾನವಾಗಿ ಕೆಂಡವಾಗುತ್ತಾ ತಡವಾಗಿ ಏಳುವವರಿಗೂ ನೀರು ಬಿಸಿ ಇಡುತ್ತದೆ. ಹಾಲಿನ ಪ್ಯಾಕೆಟ್, ಪ್ಲಾಸ್ಟಿಕ್ ಚೀಲ ಹಾಕಿ ಬೆಂಕಿ ಹಿಡಿಸುವ ಅಭ್ಯಾಸ ದಯವಿಟ್ಟು ಬಿಡಿ. ಅದರ ಹೊಗೆ ವಿಷ. ಅದನ್ನು ಉಸಿರಾಡುವುದು ಒಲೆಯ ಮುಂದೆ ಕುಳಿತ ಅಮ್ಮನೋ ಅಜ್ಜಿಯೋ.

ಬಾಣಂತಿ ಇರುವ ಮನೆಗಂತೂ ಹಂಡೆ ಬೇಕೇ ಬೇಕು. ದಿನಾ ಅಷ್ಟೊಂದು ಬಿಸಿನೀರು ಎರೆಯಲು ಗೀಸರಿನಿಂದ ಪೂರೈಸುವುದು ಕಷ್ಟ. ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್ ಹೊತ್ತಿಗೆ) ಗಾಳಿ ಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಅಕ್ಕಪಕ್ಕದವರೂ ಬಿಸಿನೀರಿಗೆ ನಮ್ಮಲ್ಲಿಗೇ ಬರುತ್ತಾರೆ.

ಪತ್ತನಾಜೆಯೊಳಗೆ ಕಟ್ಟಿಗೆ ಒಳಗಿರಲಿ

ಹಂಡೆ ಇದ್ದೂ ಸೋಲುವವರು ಸೋಲುವುದು ಇಲ್ಲೇ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧ ನೀರೇ ಇರಬಹುದು. ಬೆಂಕಿ ಮೊದಲು ಆ ನೀರನ್ನು ಆವಿ ಮಾಡಿ ಓಡಿಸಬೇಕು, ಆಮೇಲೆ ಹಂಡೆ. ಶಾಖ ಅರ್ಧಕ್ಕಿಂತ ಕಡಿಮೆ, ಹೊಗೆ ಎರಡು ಪಟ್ಟು.

ಜನವರಿಯಿಂದಲೇ ಬಿದ್ದ ಮಡಲನ್ನು ಕಡಿದು ಒಣಗಿಸಲು ಶುರು ಮಾಡಿ. ದಪ್ಪ ಕಟ್ಟಿಗೆಯನ್ನು ಸೀಳಿ ಬಿಸಿಲಿಗೆ ಹಾಕಿ, ಸೀಳದ ದಿಮ್ಮಿ ಎರಡು ಬೇಸಿಗೆಯಾದರೂ ಪೂರ್ತಿ ಒಣಗುವುದಿಲ್ಲ. ಕಾಯಿ ಸುಲಿದ ಸಿಪ್ಪೆ, ಒಡೆದ ಗೆರಟೆ ಗೋಣಿಯಲ್ಲಿ ತುಂಬಿ ಇಡಿ. ಮೇ 24, 25ರ ಹೊತ್ತಿಗೆ ಪತ್ತನಾಜೆ ಬರುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ. ಅಷ್ಟರೊಳಗೆ ಎಲ್ಲವೂ ಸೂರಿನಡಿ ಸೇರಬೇಕು. ಮೊದಲ ಮಳೆಗೆ ನೆನೆದ ಸಿಪ್ಪೆ ಮತ್ತೆ ಒಣಗುವುದು ಅಕ್ಟೋಬರ್‌ನಲ್ಲೇ. ರಾಶಿಯನ್ನು ನೆಲಕ್ಕೆ ತಾಗಿಸಬೇಡಿ, ಕೆಳಗೆ ಕಲ್ಲು, ಅಡ್ಡ ಅಡಿಕೆ ಸಲಾಕೆ ಇಟ್ಟು ಮೇಲೆ ಪೇರಿಸಿ. ಹಾವು, ಚೇಳು ಸೇರುವ ಜಾಗ ಅದು. ಕತ್ತಲಲ್ಲಿ ಕೈ ಹಾಕಬೇಡಿ, ಟಾರ್ಚ್ ಇರಲಿ. ಮರುದಿನಕ್ಕೆ ಬೇಕಾದಷ್ಟನ್ನು ಹಿಂದಿನ ಸಂಜೆಯೇ ಒಲೆಯ ಪಕ್ಕ ತಂದಿಡಿ, ಆರಿದ ಒಲೆಯ ಬಿಸಿಗೆ ಇನ್ನಷ್ಟು ಒಣಗುತ್ತದೆ. ಬೂದಿಯನ್ನು ತೆಂಗಿನ ಬುಡಕ್ಕೆ ಹಾಕಿ.

ಬಾಡಿಗೆ ಮನೆ, ಫ್ಲ್ಯಾಟ್, ಹಾಸ್ಟೆಲ್ ಕೋಣೆ

ಕದ್ರಿ, ಬಿಜೈ ಕಡೆಯ ಫ್ಲ್ಯಾಟಿನಲ್ಲಿ ಮೂರು ಬಚ್ಚಲು, ಮೂರು ಗೀಸರ್ ಇರುತ್ತದೆ. ಮಳೆಗಾಲಕ್ಕೆ ಒಂದನ್ನೇ ಬಳಸಿ. ಉಳಿದವುಗಳ ಸ್ವಿಚ್ಚಿಗೆ ಒಂದು ಟೇಪ್ ಅಂಟಿಸಿದರೆ ಮಕ್ಕಳು ಮರೆತು ಹಾಕುವುದಿಲ್ಲ.

ಮಣಿಪಾಲದಲ್ಲಿ ಕೋಣೆ ಮಾಡಿಕೊಂಡಿರುವ ವಿದ್ಯಾರ್ಥಿಗಳಿಗೆ ಹೀಟರ್ ರಾಡ್ ಅಗ್ಗ. ಕರೆಂಟನ್ನೂ ಹಾಳು ಮಾಡುವುದಿಲ್ಲ, ಶಾಖವೆಲ್ಲ ನೀರಿಗೇ ಹೋಗುತ್ತದೆ. 1500 ವಾಟಿನ ರಾಡ್ ಒಂದು ಬಕೆಟ್ ನೀರನ್ನು 12, 13 ನಿಮಿಷದಲ್ಲಿ ಕಾಯಿಸುತ್ತದೆ. ಆದರೆ ಜೀವಕ್ಕೆ ಅಪಾಯ ಮಾಡುವುದೂ ಅದೇ. ಬಕೆಟ್ ಪ್ಲಾಸ್ಟಿಕ್‌ನದ್ದಿರಲಿ, ಪ್ಲಗ್ ಮೂರು ಕಾಲಿನದ್ದಿರಲಿ. ನೀರಿನಲ್ಲಿ ಮುಳುಗಿಸಿದ ಮೇಲೆ ಸ್ವಿಚ್ ಹಾಕಿ. ಆಫ್ ಮಾಡಿ ಪ್ಲಗ್ ಕಿತ್ತ ಮೇಲೆ ಮಾತ್ರ ನೀರು ಮುಟ್ಟಿ. ಬೆರಳಿಟ್ಟು ಬಿಸಿ ನೋಡುವ ಅಭ್ಯಾಸ ಬೇಡ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಡಿ. ಕೋಣೆಯಲ್ಲಿ ಕರೆಂಟ್ ಸೋರಿದರೆ ಆಫ್ ಆಗುವ ಬ್ರೇಕರ್ ಇದೆಯೇ ಎಂದು ಮಾಲೀಕರನ್ನು ಕೇಳಿ, ಇಲ್ಲದಿದ್ದರೆ ಹಾಕಿಸಿಕೊಡಿ ಎನ್ನಿ.

ಮಾರ್ಚ್ ಬಂತೆಂದರೆ ತಾರಸಿಯ ಟ್ಯಾಂಕಿನ ನೀರು ತಾನೇ ಬೆಚ್ಚಗಾಗುತ್ತದೆ. ಆಗಲೂ ಅಭ್ಯಾಸಬಲಕ್ಕೆ ಗೀಸರ್ ಸ್ವಿಚ್ ಒತ್ತುವವರಿದ್ದಾರೆ. ನಮ್ಮ ಮನೆಯಲ್ಲಿ ಶಿವರಾತ್ರಿ ಕಳೆದ ವಾರ ಗೀಸರಿನ ಎಂಸಿಬಿ ಇಳಿಸುತ್ತೇವೆ. ಮತ್ತೆ ಮೇಲೆತ್ತುವುದು ಜೂನ್‌ನಲ್ಲಿ, ಮಳೆ ಶುರುವಾಗಿ ಬಚ್ಚಲಿನ ನೆಲ ತಣ್ಣಗಾದ ಮೇಲೆ.